ರಂಜಕ ಗೊಬ್ಬರದ ಹಿತಮಿತ ಬಳಕೆ: ಗ್ರಾಮ ಪಂಚಾಯಿತಿಗಳ ಹೊಣೆ

(ತುಮಕೂರು ಜಿಲ್ಲೆಯ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಮುಂಗಾರಿನ ಹದಮಳೆ ಬಿದ್ದೊಡನೆ ಹಳ್ಳಿಗಳಲ್ಲಿ ಎರಡು ಬೇಡಿಕೆಗಳು ಒಟ್ಟಿಗೆ ಏಳುತ್ತವೆ. ಒಂದು ಬಿತ್ತನೆ ಬೀಜದ್ದು, ಮತ್ತೊಂದು ಡಿ.ಎ.ಪಿ. ಗೊಬ್ಬರದ್ದು. ಸಹಕಾರ ಸಂಘದ ಗೋದಾಮಿನ ಮುಂದೆ ರೈತರು ಸಾಲುಗಟ್ಟಿ ನಿಲ್ಲುತ್ತಾರೆ. ದಾಸ್ತಾನು ಮುಗಿಯಿತೆಂಬ ಸುದ್ದಿ ಹಬ್ಬಿದರೆ ಮೊದಲ ದೂರವಾಣಿ ಕರೆ ಬರುವುದು ಆಯಾ ಊರಿನ ಪಂಚಾಯಿತಿ ಸದಸ್ಯರಿಗೇ. ಸದಸ್ಯರು ಕೃಷಿ ಇಲಾಖೆಯ ಅಧಿಕಾರಿಗಳನ್ನು ಸಂಪರ್ಕಿಸುತ್ತಾರೆ, ಇನ್ನಷ್ಟು ಚೀಲಗಳನ್ನು ತರಿಸಲು ಒತ್ತಾಯಿಸುತ್ತಾರೆ. ಇದು ಸಹಜವೂ ಹೌದು, ಅಗತ್ಯವೂ ಹೌದು. ಆದರೆ ಆ ಸಾಲಿನಲ್ಲಿ ನಿಂತವರ ಪೈಕಿ ಯಾರ ಹೊಲಕ್ಕೆ ಆ ಗೊಬ್ಬರ ನಿಜವಾಗಿ ಬೇಕು, ಯಾರ ಹೊಲಕ್ಕೆ ಅಷ್ಟು ಬೇಡ ಎಂಬ ಪ್ರಶ್ನೆಯನ್ನು ಮಾತ್ರ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಇದರ ಫಲವಾಗಿ ರಂಜಕ ಸಾಕಷ್ಟಿರುವ ಹೊಲಕ್ಕೆ ಮತ್ತೆ ರಂಜಕ ಬೀಳುತ್ತದೆ. ಕೊರತೆಯಿರುವ ಹೊಲದ ಒಡೆಯ ಬರಿಗೈಯಲ್ಲಿ ಹಿಂದಿರುಗುತ್ತಾನೆ.

ರಂಜಕವನ್ನು ಮಣ್ಣು ಕೇಳಿದಷ್ಟೇ, ಬಿತ್ತನೆಯ ಸಮಯದಲ್ಲಿಯೇ, ಬೇರಿಗೆ ಎಟಕುವ ಜಾಗದಲ್ಲಿಯೇ ಕೊಡಬೇಕೆಂಬುದು ಈ ಉಪನ್ಯಾಸದ ಸಾರ. ಈ ಮೂರನ್ನೂ ಊರಿನ ಮಟ್ಟದಲ್ಲಿ ಸಾಧ್ಯವಾಗಿಸುವ ಶಕ್ತಿ ಗ್ರಾಮ ಪಂಚಾಯಿತಿಗಿದೆ.

ಬೆಳೆಗೆ ರಂಜಕ ಏಕೆ ಬೇಕು?

ಬೆಳೆಯ ಪ್ರಧಾನ ಪೋಷಕಾಂಶಗಳು ಮೂರು: ಸಾರಜನಕ, ರಂಜಕ ಮತ್ತು ಪೊಟ್ಯಾಷ್. ಸಾರಜನಕದ ಪರಿಣಾಮ ಕಣ್ಣಿಗೆ ಬೇಗನೆ ಕಾಣುತ್ತದೆ; ಯೂರಿಯಾ ಹಾಕಿದ ಒಂದು ವಾರದೊಳಗೆ ಪೈರು ಹಸಿರೇರುತ್ತದೆ. ರಂಜಕದ ಕೆಲಸ ಹಾಗಲ್ಲ, ಅದು ನೆಲದೊಳಗೆ ನಡೆಯುತ್ತದೆ. ಮೊಳಕೆಯೊಡೆದ ಮೊದಲ ವಾರಗಳಲ್ಲಿ ಬೇರು ಹರಡುವುದಕ್ಕೆ, ತೆಂಡೆ ಒಡೆಯುವುದಕ್ಕೆ, ಮುಂದೆ ಹೂವಾಗಿ ಕಾಳು ಕಟ್ಟುವುದಕ್ಕೆ, ಸಕಾಲದಲ್ಲಿ ಮಾಗುವುದಕ್ಕೆ ರಂಜಕ ಬೇಕು. ಸಸ್ಯದ ಜೀವಕೋಶಗಳಲ್ಲಿ ಶಕ್ತಿಯ ಸಾಗಣೆ ನಡೆಯುವುದೇ ರಂಜಕವುಳ್ಳ ಸಂಯುಕ್ತಗಳ ಮೂಲಕ. ತೊಗರಿ, ಅಲಸಂದೆ, ನೆಲಗಡಲೆಯಂತಹ ಬೆಳೆಗಳ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡಬೇಕಾದರೂ ರಂಜಕದ ನೆರವು ಬೇಕು.

ಕೊರತೆಯ ಲಕ್ಷಣಗಳನ್ನು ಗುರುತಿಸುವುದು ಸುಲಭವಲ್ಲ. ಪೈರು ಗಿಡ್ಡಾಗಿರುತ್ತದೆ, ಎಲೆ ಕಡು ಹಸಿರಾಗಿರುತ್ತದೆ, ತೆಂಡೆ ಕಡಿಮೆಯಾಗುತ್ತದೆ, ಕೊಯ್ಲು ತಡವಾಗುತ್ತದೆ. ಎಳೆಯ ಮುಸುಕಿನ ಜೋಳದಲ್ಲಿ ಕೆಳಗಿನ ಎಲೆಗಳ ಅಂಚು ನೇರಳೆ ಬಣ್ಣಕ್ಕೆ ತಿರುಗುವುದುಂಟು. ಸಸ್ಯವು ಹಳೆಯ ಎಲೆಯಲ್ಲಿರುವ ರಂಜಕವನ್ನು ಎಳೆಯ ಭಾಗಗಳಿಗೆ ಸಾಗಿಸುವುದರಿಂದ ಲಕ್ಷಣಗಳು ಮೊದಲು ಕೆಳಗಿನ ಎಲೆಗಳಲ್ಲಿ ಕಾಣುತ್ತವೆ. ಆದರೆ ಲಕ್ಷಣ ಕಣ್ಣಿಗೆ ಬೀಳುವ ಹೊತ್ತಿಗೆ ಬೇರು ಬೆಳೆಯುವ ಕಾಲ ಬಹುಪಾಲು ಕಳೆದಿರುತ್ತದೆ. ಆದಕಾರಣ ರಂಜಕದ ವಿಷಯದಲ್ಲಿ ಬಿತ್ತನೆಗೆ ಮೊದಲೇ ತೀರ್ಮಾನವಾಗಬೇಕು.

ಮಣ್ಣಿನಲ್ಲಿ ರಂಜಕದ ನಡೆ

ಸಾರಜನಕ ನೀರಿನೊಡನೆ ಹರಿದು ಹೋಗುತ್ತದೆ, ಗಾಳಿಗೂ ಸೇರುತ್ತದೆ. ರಂಜಕ ಬಿದ್ದಲ್ಲಿಯೇ ಉಳಿಯುವ ಸ್ವಭಾವದ್ದು. ಗೊಬ್ಬರದ ಹರಳು ಬಿದ್ದ ಜಾಗದಿಂದ ಅದು ಅತ್ಯಲ್ಪ ದೂರ ಮಾತ್ರ ಸರಿಯಬಲ್ಲದು. ಬೇರು ತಾನೇ ಅದರ ಬಳಿಗೆ ಬೆಳೆದು ಬರಬೇಕು.

ಎರಡನೆಯದಾಗಿ, ರಂಜಕ ಮಣ್ಣಿನಲ್ಲಿ ಬೇಗನೆ ಕಟ್ಟುಬೀಳುತ್ತದೆ. ಹುಳಿ ಗುಣದ ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಹಿಡಿದುಕೊಳ್ಳುತ್ತವೆ. ಸುಣ್ಣದ ಅಂಶವುಳ್ಳ ಕಪ್ಪು ಮಣ್ಣಿನಲ್ಲಿ ಕ್ಯಾಲ್ಸಿಯಂ ಅದೇ ಕೆಲಸ ಮಾಡುತ್ತದೆ. ಮಣ್ಣಿನ ರಸಸಾರ ಸುಮಾರು 6ರಿಂದ 7.5ರ ನಡುವೆ ಇದ್ದಾಗ ರಂಜಕ ಬೆಳೆಗೆ ಹೆಚ್ಚು ದೊರೆಯುತ್ತದೆ. ಹಾಕಿದ ರಂಜಕ ಗೊಬ್ಬರದಲ್ಲಿ ಮೊದಲ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಶೇ. 15ರಿಂದ 20ರಷ್ಟು ಮಾತ್ರ. ಉಳಿದದ್ದು ಪೂರ್ತಿ ನಷ್ಟವಾಯಿತೆಂದಲ್ಲ. ಅದು ಮಣ್ಣಿನಲ್ಲಿ ಕೂಡಿಕೊಂಡು ಮುಂದಿನ ಬೆಳೆಗಳಿಗೆ ನಿಧಾನವಾಗಿ ಬಿಡುಗಡೆಯಾಗುತ್ತದೆ.

ವರ್ಷವರ್ಷವೂ ಡಿ.ಎ.ಪಿ. ಬಿದ್ದ ಹೊಲ, ಅದರಲ್ಲಿಯೂ ನೀರಾವರಿಯ ತರಕಾರಿ ತೋಟ, ಗಣನೀಯ ಪ್ರಮಾಣದ ರಂಜಕವನ್ನು ಸಂಗ್ರಹಿಸಿಕೊಂಡಿರುವ ಸಾಧ್ಯತೆ ಇದೆ. ಪಕ್ಕದಲ್ಲಿಯೇ ಇರುವ, ಗೊಬ್ಬರ ಕಾಣದ ಬೆದ್ದಲು ಹೊಲ ತೀವ್ರ ಕೊರತೆಯಲ್ಲಿರಬಹುದು. ಒಂದೇ ಊರಿನ ಎರಡು ಸರ್ವೆ ನಂಬರುಗಳಿಗೆ ಒಂದೇ ಶಿಫಾರಸು ಒಪ್ಪದಿರುವುದಕ್ಕೆ ಇದೇ ಕಾರಣ.

ಹಾಗೆಂದು ರಂಜಕವೇ ಬೇಡವೆಂದು ತಿಳಿಯುವುದು ತಪ್ಪಾಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ, ಕೆಂಪು ಮಣ್ಣಿನಲ್ಲಿ, ರಾಗಿ ಮತ್ತು ಮುಸುಕಿನ ಜೋಳದ ಸರದಿಯ ಮೇಲೆ 1986ರಿಂದ ದೀರ್ಘಾವಧಿ ಗೊಬ್ಬರ ಪ್ರಯೋಗ ನಡೆದುಬಂದಿದೆ. ಸಾರಜನಕವನ್ನು ಮಾತ್ರ ಹಾಕಿದ ತಾಕುಗಳಲ್ಲಿ ಮಣ್ಣು ಹುಳಿಯಾಗಿ ಇಳುವರಿ ಕುಸಿದಿದೆ. ಮೂರೂ ಪೋಷಕಾಂಶಗಳ ಜೊತೆಗೆ ಕೊಟ್ಟಿಗೆ ಗೊಬ್ಬರವನ್ನೂ ಪಡೆದ ತಾಕುಗಳು ಇಳುವರಿಯನ್ನು ಉಳಿಸಿಕೊಂಡಿವೆ. ತುಮಕೂರು ಜಿಲ್ಲೆಯ ಕೆಂಪು ಮಣ್ಣಿನ ರಾಗಿ ಹೊಲಗಳಿಗೆ ಈ ಪಾಠ ನೇರವಾಗಿ ಅನ್ವಯಿಸುತ್ತದೆ.

ಚೀಲದ ಲೆಕ್ಕ

ಬೆಳೆಗಾರನಿಗೆ ಬೇಕಾದದ್ದು ರಂಜಕವೇ ಹೊರತು ನಿರ್ದಿಷ್ಟ ಹೆಸರಿನ ಚೀಲವಲ್ಲ. ಡಿ.ಎ.ಪಿ.ಯಲ್ಲಿ ಶೇ. 18 ಸಾರಜನಕ ಮತ್ತು ಶೇ. 46 ರಂಜಕ ಇದೆ, 50 ಕೆ.ಜಿ. ಚೀಲವೊಂದರಿಂದ 9 ಕೆ.ಜಿ. ಸಾರಜನಕ ಮತ್ತು 23 ಕೆ.ಜಿ. ರಂಜಕ ದೊರೆಯುತ್ತದೆ. ಸಿಂಗಲ್ ಸೂಪರ್ ಫಾಸ್ಫೇಟ್ ಗೊಬ್ಬರದಲ್ಲಿ ಶೇ. 16 ರಂಜಕವಿದ್ದು, 50 ಕೆ.ಜಿ. ಚೀಲದಿಂದ 8 ಕೆ.ಜಿ. ರಂಜಕ ಸಿಗುತ್ತದೆ. ಅದರ ಜೊತೆಗೆ ಶೇ. 11ರಷ್ಟು ಗಂಧಕವೂ ಹೇರಳವಾದ ಕ್ಯಾಲ್ಸಿಯಂ ಕೂಡ ಇರುತ್ತವೆ.

ಆದ್ದರಿಂದ 1 ಚೀಲ ಡಿ.ಎ.ಪಿ. ದೊರೆಯದಿದ್ದರೆ 3 ಚೀಲ ಸೂಪರ್ ಫಾಸ್ಫೇಟ್ ಮತ್ತು 20 ಕೆ.ಜಿ. ಯೂರಿಯಾದಿಂದ ಅಷ್ಟೇ ಪೋಷಣೆಯನ್ನು ಒದಗಿಸಬಹುದು. ಮೂರು ಚೀಲ ಸೂಪರ್ ಫಾಸ್ಫೇಟ್‌ನಲ್ಲಿ 24 ಕೆ.ಜಿ. ರಂಜಕವಿದ್ದರೆ, 20 ಕೆ.ಜಿ. ಯೂರಿಯಾದಲ್ಲಿ ಸುಮಾರು 9 ಕೆ.ಜಿ. ಸಾರಜನಕವಿದೆ. ಡಿ.ಎ.ಪಿ.ಯಲ್ಲಿ ಇಲ್ಲದ 16 ಕೆ.ಜಿ.ಗೂ ಹೆಚ್ಚು ಗಂಧಕ ಇದರಲ್ಲಿ ಹೆಚ್ಚುವರಿಯಾಗಿ ದೊರೆಯುತ್ತದೆ. ರಾಜ್ಯದಲ್ಲಿ 2009ರಲ್ಲಿ ಆರಂಭವಾದ ಭೂಚೇತನ ಕಾರ್ಯಕ್ರಮದ ಮಣ್ಣು ಪರೀಕ್ಷೆಗಳು ಮಳೆಯಾಶ್ರಿತ ಪ್ರದೇಶಗಳಲ್ಲಿ ಗಂಧಕ, ಸತು ಮತ್ತು ಬೋರಾನ್‌ಗಳ ಕೊರತೆ ವ್ಯಾಪಕವಾಗಿರುವುದನ್ನು ತೋರಿಸಿಕೊಟ್ಟವು. ಪಾವಗಡ, ಶಿರಾ, ಮಧುಗಿರಿ ಭಾಗದ ನೆಲಗಡಲೆ ಬೆಳೆಗಾರರಿಗೆ ಗಂಧಕ ಮತ್ತು ಕ್ಯಾಲ್ಸಿಯಂ ಎರಡೂ ಮುಖ್ಯ. ಕಾಯಿ ತುಂಬುವುದಕ್ಕೆ ಕ್ಯಾಲ್ಸಿಯಂ ಬೇಕು, ಕಾಳಿನಲ್ಲಿ ಎಣ್ಣೆಯ ಅಂಶಕ್ಕೆ ಗಂಧಕ ಬೇಕು. ಅಂತಹ ಹೊಲಕ್ಕೆ ಸೂಪರ್ ಫಾಸ್ಫೇಟ್ ಬದಲಿ ಗೊಬ್ಬರ ಮಾತ್ರವಲ್ಲ, ಹೆಚ್ಚು ಒಪ್ಪುವ ಗೊಬ್ಬರವೇ ಆಗಿದೆ. ಚೀಲಗಳ ಸಂಖ್ಯೆ ಹೆಚ್ಚುವುದರಿಂದ ಸಾಗಣೆಯ ಖರ್ಚು ಮತ್ತು ಶ್ರಮ ಹೆಚ್ಚಾಗುವುದು ನಿಜ. ಅದನ್ನೂ ಸೇರಿಸಿ ರೈತರು ಲೆಕ್ಕ ಹಾಕಬೇಕು.

ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 40 ಕೆ.ಜಿ., ಅಂದರೆ ಎಕರೆಗೆ 16 ಕೆ.ಜಿ. ರಂಜಕವನ್ನು ಶಿಫಾರಸು ಮಾಡಲಾಗಿದೆ. ಇದು 2 ಚೀಲ ಸೂಪರ್ ಫಾಸ್ಫೇಟ್ ಅಥವಾ ಸುಮಾರು 35 ಕೆ.ಜಿ. ಡಿ.ಎ.ಪಿ.ಗೆ ಸಮ. ಎಕರೆಗೆ ಒಂದು ಪೂರ್ಣ ಚೀಲ ಡಿ.ಎ.ಪಿ. ಹಾಕುವ ವಾಡಿಕೆಯಿರುವ ಕಡೆ ಪ್ರತಿ ಎಕರೆಯಲ್ಲಿಯೂ ಸುಮಾರು 15 ಕೆ.ಜಿ. ಗೊಬ್ಬರ ಶಿಫಾರಸನ್ನು ಮೀರುತ್ತದೆ. ನೆಲಗಡಲೆಗೆ ಹೆಕ್ಟೇರಿಗೆ 50 ಕೆ.ಜಿ., ಅಂದರೆ ಎಕರೆಗೆ 20 ಕೆ.ಜಿ. ರಂಜಕ ಬೇಕು, ಇದು ಎರಡೂವರೆ ಚೀಲ ಸೂಪರ್ ಫಾಸ್ಫೇಟ್‌ಗೆ ಸಮ.

ರಂಜಕ ಹೆಚ್ಚಾದರೆ ಆಗುವ ಹಾನಿ

"ಹೆಚ್ಚು ಹಾಕಿದರೆ ನಷ್ಟವೇನು, ನೆಲದಲ್ಲಿಯೇ ಇರುತ್ತದಲ್ಲ" ಎಂಬ ಮಾತು ಕೇಳಿಬರುವುದುಂಟು. ನಷ್ಟ ಮೂರು ಬಗೆಯದು. ಮೊದಲನೆಯದು ಹಣದ್ದು. ಸಾಲ ಮಾಡಿ ಕೊಂಡ ಗೊಬ್ಬರ ಇಳುವರಿಯನ್ನು ಹೆಚ್ಚಿಸದೆ ಬಡ್ಡಿಯನ್ನು ಮಾತ್ರ ಬೆಳೆಸುತ್ತದೆ. ಎರಡನೆಯದು ಬೆಳೆಯದು. ಮಣ್ಣಿನಲ್ಲಿ ರಂಜಕ ಅತಿಯಾದರೆ ಬೆಳೆಗೆ ಸತುವಿನ ಕೊರತೆ ಉಂಟಾಗುತ್ತದೆ. ಮುಸುಕಿನ ಜೋಳ ಮತ್ತು ಭತ್ತದಲ್ಲಿ ಇದು ಬೇಗ ಕಾಣುತ್ತದೆ. ಎಲೆ ಬಿಳಿಚಿದ್ದನ್ನು ಕಂಡು ರೈತರು ಮತ್ತಷ್ಟು ಗೊಬ್ಬರ ಹಾಕುವ ಅಪಾಯವೂ ಇದೆ. ಮೂರನೆಯದು ಕೆರೆಯದು. ಮೇಲ್ಮಣ್ಣು ಕೊಚ್ಚಿಹೋದಾಗ ಅದಕ್ಕೆ ಅಂಟಿಕೊಂಡ ರಂಜಕವೂ ಕೆರೆ ಸೇರುತ್ತದೆ. ನೀರಿನಲ್ಲಿ ರಂಜಕ ಹೆಚ್ಚಿದಂತೆ ಪಾಚಿ ಮತ್ತು ಜಲಕಳೆಗಳು ಹಬ್ಬುತ್ತವೆ. ಅವು ಕೊಳೆಯುವಾಗ ನೀರಿನ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ. ಬಚ್ಚಲು ಮತ್ತು ಚರಂಡಿಯ ನೀರು ಸೇರುವ ಕೆರೆಗಳಲ್ಲಿ ಈ ಹಾನಿ ಇಮ್ಮಡಿಸುತ್ತದೆ. ಕೆರೆಯ ಮೀನು ಸಾಕಣೆ, ಜಾನುವಾರುಗಳ ಕುಡಿಯುವ ನೀರು ಎರಡೂ ಪಂಚಾಯಿತಿಯ ಕಾಳಜಿಯ ವಿಷಯಗಳೇ ಆಗಿವೆ.

ಇದಲ್ಲದೆ ದೇಶದ ಮಟ್ಟದಲ್ಲಿಯೂ ಯೋಚಿಸಬೇಕಾದ ಸಂಗತಿಯಿದೆ. ಸಾರಜನಕ ಗೊಬ್ಬರವನ್ನು ಗಾಳಿಯ ಸಾರಜನಕದಿಂದ ತಯಾರಿಸಬಹುದು. ರಂಜಕಕ್ಕೆ ಆ ದಾರಿ ಇಲ್ಲ, ಶಿಲಾರಂಜಕವನ್ನು ನೆಲದಿಂದಲೇ ಅಗೆದು ತೆಗೆಯಬೇಕು. ರಾಜಸ್ಥಾನದ ಉದಯಪುರದ ಬಳಿಯ ಝಾಮರ್‌ಕೋಟ್ರಾದಂತಹ ಗಣಿಗಳಿದ್ದರೂ ಭಾರತದ ಬೇಡಿಕೆಯ ಬಹುಭಾಗ ಹೊರದೇಶಗಳಿಂದ ಬರುವ ಶಿಲಾರಂಜಕ, ಫಾಸ್ಫರಿಕ್ ಆಮ್ಲ ಹಾಗೂ ಸಿದ್ಧ ಡಿ.ಎ.ಪಿ.ಯಿಂದಲೇ ಪೂರೈಕೆಯಾಗುತ್ತದೆ. ದೂರದ ಬಂದರಿನಲ್ಲಿ ಹಡಗು ತಡವಾದರೆ ಅದರ ಬಿಸಿ ಹೋಬಳಿಯ ಗೋದಾಮಿಗೂ ತಟ್ಟುತ್ತದೆ. ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳಿಗೆ 2010ರ ಏಪ್ರಿಲ್ 1ರಿಂದ ಪೋಷಕಾಂಶ ಆಧಾರಿತ ಸಹಾಯಧನ ಜಾರಿಯಲ್ಲಿದೆ. ಬೇಡದ ಹೊಲಕ್ಕೆ ಬೀಳುವ ಪ್ರತಿ ಚೀಲದಲ್ಲಿಯೂ ರೈತನ ಹಣದ ಜೊತೆಗೆ ಸಾರ್ವಜನಿಕ ಹಣವೂ ವ್ಯರ್ಥವಾಗುತ್ತದೆ.

ಮಣ್ಣು ಆರೋಗ್ಯ ಚೀಟಿಯನ್ನು ಓದುವ ಬಗೆ

ಮಣ್ಣು ಆರೋಗ್ಯ ಚೀಟಿ ಯೋಜನೆ 2015ರ ಫೆಬ್ರುವರಿ 19ರಂದು ಆರಂಭವಾಯಿತು. ಚೀಟಿಯಲ್ಲಿ ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಮತ್ತು ಬೋರಾನ್ ಎಂಬ 12 ಅಂಶಗಳಿರುತ್ತವೆ. ಅನೇಕ ಮನೆಗಳಲ್ಲಿ ಈ ಚೀಟಿ ಪಹಣಿ, ಪಾಸ್‌ಬುಕ್ಕುಗಳ ನಡುವೆ ಮಡಚಿಟ್ಟಂತೆಯೇ ಇರುತ್ತದೆ. ಅದನ್ನು ಗೊಬ್ಬರ ಕೊಳ್ಳುವ ಮುನ್ನ ತೆರೆದು ನೋಡುವ ಅಭ್ಯಾಸ ಬೆಳೆಯಬೇಕು.

ರಂಜಕದ ಸಾಲಿನಲ್ಲಿ ಹೆಕ್ಟೇರಿಗೆ ಇಷ್ಟು ಕೆ.ಜಿ. ಎಂಬ ಅಂಕಿ ಇರುತ್ತದೆ. ಅದು ಶುದ್ಧ ರಂಜಕದ ಮಾನದಲ್ಲಿದ್ದರೆ 10ಕ್ಕಿಂತ ಕಡಿಮೆ ಇರುವುದು ಕೊರತೆ, 10ರಿಂದ ಸುಮಾರು 25ರವರೆಗೆ ಮಧ್ಯಮ, ಅದಕ್ಕಿಂತ ಮೇಲಿನದು ಅಧಿಕ. ಗೊಬ್ಬರದ ಚೀಲದ ಮೇಲೆ ನಮೂದಿಸುವ ಪೆಂಟಾಕ್ಸೈಡ್ ಮಾನದಲ್ಲಿದ್ದರೆ ಈ ಗಡಿಗಳು ಸುಮಾರು 23 ಮತ್ತು 56 ಆಗುತ್ತವೆ. ಯಾವ ಮಾನವೆಂಬ ಸಂಶಯ ಬಂದಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ತಿಳಿಯಬೇಕು. ಮಧ್ಯಮ ಇದ್ದರೆ ಶಿಫಾರಸಿನಷ್ಟೇ ಹಾಕುವುದು, ಕೊರತೆಯಿದ್ದರೆ ಸುಮಾರು ಕಾಲುಭಾಗ ಹೆಚ್ಚಿಸುವುದು, ಅಧಿಕವಿದ್ದರೆ ಸುಮಾರು ಕಾಲುಭಾಗ ತಗ್ಗಿಸುವುದು ಸಾಮಾನ್ಯ ಕ್ರಮ. ಚೀಟಿಯಲ್ಲಿ ಆ ಹೊಲಕ್ಕೆಂದೇ ಬರೆದ ಶಿಫಾರಸಿದ್ದರೆ ಅದನ್ನೇ ಅನುಸರಿಸಬೇಕು.

ಇದರ ಮೊತ್ತ ಎಷ್ಟಾದೀತೆಂಬುದಕ್ಕೆ ಒಂದು ಲೆಕ್ಕ: ಪಂಚಾಯಿತಿಯೊಂದರ ವ್ಯಾಪ್ತಿಯಲ್ಲಿ 500 ಎಕರೆ ರಾಗಿ ಇದೆಯೆಂದು ಇಟ್ಟುಕೊಳ್ಳೋಣ. ಎಕರೆಗೆ 16 ಕೆ.ಜಿ. ರಂಜಕದಂತೆ ಸುಮಾರು 348 ಚೀಲ ಡಿ.ಎ.ಪಿ. ಬೇಕಾಗುತ್ತದೆ. ವಾಡಿಕೆಯಂತೆ ಎಕರೆಗೊಂದು ಚೀಲವಾದರೆ ಬೇಡಿಕೆ 500 ಚೀಲಕ್ಕೇರುತ್ತದೆ. ಶಿಫಾರಸನ್ನು ಪಾಲಿಸಿದ ಮಾತ್ರಕ್ಕೆ 152 ಚೀಲಗಳು ಉಳಿದು, ಸಾಲಿನ ಕೊನೆಯಲ್ಲಿ ನಿಂತವರಿಗೂ ಗೊಬ್ಬರ ಸಿಗುತ್ತದೆ.

ಪರೀಕ್ಷೆ ಸರಿಯಾಗಬೇಕಾದರೆ ಮಾದರಿ ಸರಿಯಿರಬೇಕು. ಬೆಳೆ ಕೊಯ್ಲಾದ ಮೇಲೆ, ಗೊಬ್ಬರ ಹಾಕುವ ಮೊದಲು ಮಣ್ಣು ತೆಗೆಯಬೇಕು. ಬದು, ಮರದ ನೆರಳು, ತಿಪ್ಪೆಯ ಜಾಗ, ನೀರು ನಿಲ್ಲುವ ತಗ್ಗುಗಳನ್ನು ಬಿಟ್ಟು, ಹೊಲದ 10ರಿಂದ 15 ಕಡೆ ಅಂಕುಡೊಂಕಾಗಿ ನಡೆದು, ಮೇಲಿನ ಕಸ ಸರಿಸಿ, 6ರಿಂದ 8 ಅಂಗುಲ ಆಳದ ಗುಂಡಿಯ ಓರೆಯಿಂದ ಮಣ್ಣು ಕೆರೆದುಕೊಳ್ಳಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲನ್ನು ಉಳಿಸಿಕೊಳ್ಳುತ್ತ ಅರ್ಧ ಕೆ.ಜಿ.ಗೆ ಇಳಿಸಬೇಕು. ನೆರಳಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಹಾಕಿ, ರೈತರ ಹೆಸರು, ಸರ್ವೆ ನಂಬರು, ಹಿಂದಿನ ಬೆಳೆ, ಮುಂದಿನ ಬೆಳೆಗಳನ್ನು ಬರೆದಿಡಬೇಕು. ಗೊಬ್ಬರದ ಹಳೆಯ ಚೀಲವನ್ನು ಇದಕ್ಕೆ ಬಳಸಲೇಬಾರದು.

ಹಾಕುವ ಹೊತ್ತು, ಹಾಕುವ ಜಾಗ

ರಂಜಕವನ್ನು ಪೂರ್ತಿಯಾಗಿ ಬಿತ್ತನೆಯ ಸಮಯದಲ್ಲಿಯೇ ತಳಗೊಬ್ಬರವಾಗಿ ಕೊಡಬೇಕು. ಪೈರು ಬೆಳೆದ ಮೇಲೆ ಡಿ.ಎ.ಪಿ.ಯನ್ನು ಮೇಲುಗೊಬ್ಬರವಾಗಿ ಎರಚಿದರೆ ಅದು ಮೇಲ್ಮಣ್ಣಿನಲ್ಲಿಯೇ ಉಳಿಯುತ್ತದೆ; ಬೇರಿಗೆ ಎಟಕುವುದು ಅತ್ಯಲ್ಪ. ಮೇಲುಗೊಬ್ಬರಕ್ಕೆ ಯೂರಿಯಾ ಸಾಕು. ಬಿತ್ತುವಾಗಲೂ ಎರಚುವುದಕ್ಕಿಂತ ಕೂರಿಗೆಯ ಸಾಲಿನಲ್ಲಿ, ಬೀಜದಿಂದ ಎರಡು ಅಂಗುಲ ಕೆಳಗೆ ಅಥವಾ ಪಕ್ಕಕ್ಕೆ ಬೀಳುವಂತೆ ಕೊಡುವುದು ಉತ್ತಮ. ಮಣ್ಣಿನೊಡನೆ ಹೆಚ್ಚು ಬೆರೆಯದ ಕಾರಣ ರಂಜಕ ಕಟ್ಟುಬೀಳುವುದು ಕಡಿಮೆಯಾಗುತ್ತದೆ. ಡಿ.ಎ.ಪಿ. ಬೀಜಕ್ಕೆ ನೇರವಾಗಿ ತಾಗಿದರೆ ಮೊಳಕೆಗೆ ಹಾನಿ. ಸೂಪರ್ ಫಾಸ್ಫೇಟನ್ನು ಯೂರಿಯಾದೊಡನೆ ಬೆರೆಸುವುದಾದರೆ ಹಾಕುವ ದಿನವೇ ಬೆರೆಸಬೇಕು, ಬೆರೆಸಿಟ್ಟರೆ ಒದ್ದೆಯಾಗಿ ಗಟ್ಟಿಯಾಗುತ್ತದೆ. ಸುಣ್ಣದೊಡನೆ ಬೆರೆಸಲೇಬಾರದು.

ಕೂರಿಗೆ ಇಲ್ಲದ ಸಣ್ಣ ಹಿಡುವಳಿದಾರರಿಗೆ ಬೀಜ-ಗೊಬ್ಬರ ಕೂರಿಗೆ ಬಾಡಿಗೆಗೆ ಸಕಾಲದಲ್ಲಿ ಸಿಗುವುದು ಮುಖ್ಯ. ಹದ ಆರಿದ ಮೇಲೆ ಯಂತ್ರ ಬಂದರೆ ಪ್ರಯೋಜನವಿಲ್ಲ.

ತಿಪ್ಪೆಯಲ್ಲಿರುವ ರಂಜಕ

ಚೆನ್ನಾಗಿ ಕಳಿತ ಒಂದು ಟನ್ ಕೊಟ್ಟಿಗೆ ಗೊಬ್ಬರದಲ್ಲಿ ಸುಮಾರು 2 ಕೆ.ಜಿ. ರಂಜಕ ಇರುತ್ತದೆ. ಎಕರೆಗೆ 3 ಟನ್ ಹಾಕಿದರೆ 6 ಕೆ.ಜಿ. ಆಗುತ್ತದೆ. ಇದು ಚಿಕ್ಕದೆನಿಸಿದರೂ, ಸಾವಯವ ಅಂಶವು ಮಣ್ಣಿನಲ್ಲಿ ಕಟ್ಟುಬಿದ್ದ ರಂಜಕವನ್ನು ಬಿಡಿಸಲು ನೆರವಾಗುವುದರಿಂದ ಇದರ ಫಲ ಲೆಕ್ಕಕ್ಕಿಂತ ದೊಡ್ಡದು. ಬಿಸಿಲು ಮಳೆಗೆ ಒಡ್ಡಿದ ತಿಪ್ಪೆ ಸಾರ ಕಳೆದುಕೊಳ್ಳುತ್ತದೆ. ಗುಂಡಿ ತೆಗೆದು ನೆರಳು ಮಾಡಿದ ತಿಪ್ಪೆ ಸಾರ ಉಳಿಸಿಕೊಳ್ಳುತ್ತದೆ. ರಂಜಕ ಕರಗಿಸುವ ಜೀವಾಣು ಗೊಬ್ಬರದಿಂದ ಬೀಜೋಪಚಾರ ಮಾಡುವುದು ಕಡಿಮೆ ಖರ್ಚಿನ ಕ್ರಮ. ಉಪಚರಿಸಿದ ಬೀಜವನ್ನು ನೆರಳಲ್ಲಿ ಒಣಗಿಸಿ ಬೇಗನೆ ಬಿತ್ತಬೇಕು. ಅದನ್ನು ರಾಸಾಯನಿಕ ಗೊಬ್ಬರದೊಡನೆ ಬೆರೆಸಬಾರದು. ಆದರೆ ತೀವ್ರ ಕೊರತೆಯಿರುವ ಹೊಲದಲ್ಲಿ ಜೀವಾಣು ಗೊಬ್ಬರವೊಂದೇ ಸಾಲದು.

ಪಂಚಾಯಿತಿ ಮಾಡಬಹುದಾದ ಕೆಲಸ

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳ ಪಟ್ಟಿ ಆರಂಭವಾಗುವುದೇ ಕೃಷಿ ಮತ್ತು ಕೃಷಿ ವಿಸ್ತರಣೆಯಿಂದ. ಗೊಬ್ಬರದ ಹಂಚಿಕೆ ಪಂಚಾಯಿತಿಯ ಕೈಯಲ್ಲಿಲ್ಲ. ಆದರೆ ಬೇಡಿಕೆಯನ್ನು ಸರಿಯಾಗಿ ಅಂದಾಜಿಸುವುದು, ಅರಿವು ಮೂಡಿಸುವುದು, ದೂರುಗಳನ್ನು ಸಕಾಲದಲ್ಲಿ ತಲುಪಿಸುವುದು ಅದರ ಕೈಯಲ್ಲಿಯೇ ಇದೆ. ಮುಂಗಾರಿಗೆ ಮೊದಲು ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳಬಹುದು:

1. ಬೇಸಿಗೆಯಲ್ಲಿ, ಹೊಲಗಳು ಖಾಲಿಯಿರುವಾಗ, ರೈತ ಸಂಪರ್ಕ ಕೇಂದ್ರದ ಸಹಕಾರದೊಡನೆ ಊರೂರಿನಲ್ಲಿ ಮಣ್ಣು ಮಾದರಿ ಸಂಗ್ರಹ ದಿನ ನಡೆಸುವುದು. ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೂ ಮಾದರಿ ತೆಗೆಯುವ ಕ್ರಮವನ್ನು ತೋರಿಸಿಕೊಡುವುದು.

2. ಫಲಿತಾಂಶ ಬಂದ ಮೇಲೆ ಗ್ರಾಮಸಭೆಯಲ್ಲಿ ಅದನ್ನು ಓದಿ ವಿವರಿಸುವ ವ್ಯವಸ್ಥೆ ಮಾಡುವುದು. ಹಿರೇಹಳ್ಳಿ ಮತ್ತು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಗಳ ತಜ್ಞರನ್ನು ಆಹ್ವಾನಿಸಬಹುದು.

3. ಬಿತ್ತನೆಯ ವಿಸ್ತೀರ್ಣ ಮತ್ತು ಮಣ್ಣಿನ ಫಲಿತಾಂಶದ ಆಧಾರದ ಮೇಲೆ ಡಿ.ಎ.ಪಿ. ಮತ್ತು ಸೂಪರ್ ಫಾಸ್ಫೇಟ್ ಎರಡರ ಬೇಡಿಕೆಯನ್ನೂ ಮುಂಚಿತವಾಗಿ ಸಹಕಾರ ಸಂಘ ಹಾಗೂ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ತಿಳಿಸುವುದು.

4. ಮಾರಾಟ ಮಳಿಗೆಗಳಲ್ಲಿ ದರ ಮತ್ತು ದಾಸ್ತಾನಿನ ಫಲಕ ಕಾಣುವಂತಿದೆಯೇ, ರಸೀದಿ ಕೊಡಲಾಗುತ್ತಿದೆಯೇ ಎಂಬುದನ್ನು ಗಮನಿಸುವುದು. ಒಂದು ಗೊಬ್ಬರ ಬೇಕಾದರೆ ಬೇರೊಂದು ಸರಕನ್ನೂ ಕೊಳ್ಳಲೇಬೇಕೆಂದು ಒತ್ತಾಯಿಸುವುದು, ಚೀಲದ ಮೇಲೆ ಮುದ್ರಿಸಿದ ದರಕ್ಕಿಂತ ಹೆಚ್ಚು ಪಡೆಯುವುದು ಕಂಡುಬಂದರೆ, 1985ರ ರಸಗೊಬ್ಬರ ನಿಯಂತ್ರಣ ಆದೇಶದಡಿ ಅಧಿಕಾರವುಳ್ಳ ಕೃಷಿ ಇಲಾಖೆಯ ಪರಿವೀಕ್ಷಕರಿಗೆ ಲಿಖಿತ ದೂರು ಸಲ್ಲಿಸಲು ರೈತರಿಗೆ ನೆರವಾಗುವುದು.

5. ಬದು ನಿರ್ಮಾಣ, ಕಾಂಪೋಸ್ಟ್ ಗುಂಡಿ, ಎರೆಗೊಬ್ಬರ ತೊಟ್ಟಿ, ಕೆರೆ ಹೂಳೆತ್ತುವ ಕಾಮಗಾರಿಗಳನ್ನು ಕ್ರಿಯಾಯೋಜನೆಯಲ್ಲಿ ಸೇರಿಸುವುದು. ಬದು ನಿಂತರೆ ಮೇಲ್ಮಣ್ಣೂ ಅದರೊಡನಿರುವ ರಂಜಕವೂ ಹೊಲದಲ್ಲಿಯೇ ಉಳಿಯುತ್ತವೆ. ಕೆರೆಯ ಹೂಳನ್ನು ಹೊಲಕ್ಕೆ ಹೊಡೆಸುವ ಹಿರಿಯರ ಪದ್ಧತಿ ಕೊಚ್ಚಿಹೋದ ಸಾರವನ್ನು ಮರಳಿ ತರುವ ಕ್ರಮವೇ ಆಗಿದೆ.

ಎಲ್ಲ ಹೊಲಗಳ ಪರೀಕ್ಷೆ ಒಂದೇ ವರ್ಷದಲ್ಲಿ ಆಗಬೇಕೆಂಬ ನಿರ್ಬಂಧವಿಲ್ಲ. ಪ್ರತಿಯೊಬ್ಬ ಸದಸ್ಯರು ತಮ್ಮ ಕ್ಷೇತ್ರದ 10 ರೈತರ ಹೊಲಗಳಿಂದ, ಸಣ್ಣ ಮತ್ತು ಅತಿ ಸಣ್ಣ ಹಿಡುವಳಿದಾರರಿಗೆ ಆದ್ಯತೆ ನೀಡಿ, ಈ ಕಾರ್ಯವನ್ನು ಆರಂಭಿಸಬಹುದು. ಆ ಹತ್ತು ಹೊಲಗಳ ಖರ್ಚು ಮತ್ತು ಇಳುವರಿಯನ್ನು ಸುಗ್ಗಿಯ ನಂತರ ಗ್ರಾಮಸಭೆಯ ಮುಂದಿಟ್ಟರೆ ಉಳಿದ ರೈತರು ತಾವಾಗಿಯೇ ಮುಂದೆ ಬರುವರು. ಮಾನ್ಯ ಸದಸ್ಯರು ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ, ಮಾದರಿ ಸಂಗ್ರಹದ ದಿನಾಂಕವನ್ನು ಅದೇ ಸಭೆಯಲ್ಲಿ ನಿಗದಿಪಡಿಸಬೇಕೆಂದು ಕೋರಲಾಗಿದೆ.